ಸೂಜಿಯ ತಾರೀಖು ತಪ್ಪಿಸಬೇಡ, ಮಗಾ

ಆ ಎಕೋ ರಿಪೋರ್ಟನ್ನು ಮೊದಲು ಮಡಿಚಿ ಪೆಟ್ಟಿಗೆಯಲ್ಲಿಡು. ಕೈಗೆ ಬಂದಾಗಿನಿಂದ ಅದನ್ನೇ ಓದುತ್ತಿದ್ದೀಯ. ಓದಿದ್ದು ಸಾಲದೆಂದು ಅದರೊಳಗಿನ ಒಂದೊಂದು ಪದವನ್ನೂ ಮೊಬೈಲಿಗೆ ಹಾಕಿ, ನಡುರಾತ್ರಿ ಯಾವ ಊರಿನವರೋ ಮಾಡಿದ ವಿಡಿಯೋ ನೋಡಿ, ನಿನ್ನ ಆಯುಷ್ಯದ ಲೆಕ್ಕವನ್ನು ನೀನೇ ಹಾಕಿ ಮುಗಿಸಿದ್ದೀಯ. ರಿಸಲ್ಟ್ ಬರುವ ಮೊದಲೇ ಫೇಲಾದೆ ಎಂದು ಅತ್ತು, ಆಮೇಲೆ ಫಸ್ಟ್ ಕ್ಲಾಸಿನಲ್ಲಿ ಪಾಸಾದ ಹುಡುಗರನ್ನು ಎಷ್ಟೋ ನೋಡಿದ್ದೇನೆ. ಹುಮನಾಬಾದಿನಲ್ಲಿ ಮಾಸ್ತರಕಿ ಮಾಡುತ್ತಲೇ ತಲೆ ಬೆಳ್ಳಗಾದವ ನಾನು. ನಿಮ್ಮ ವಯಸ್ಸಿನವರ ಅವಸರ ನನಗೆ ಹೊಸದಲ್ಲ.

ನೀನು ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಗೆ ಬಾಡಿ ಕಟ್ಟುವ ಹುಡುಗನಿರಬಹುದು, ಹುಮನಾಬಾದಿಗೆ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬರುವ ಹುಡುಗಿಯಿರಬಹುದು. ಯಾರಾದರೂ ಸರಿ, ಇಲ್ಲಿ ಕೂಡು. ಮುತ್ಯಾನ ಮಾತು ಒಂದಿಷ್ಟು ಕೇಳು.

ನಿನ್ನ ಕಾಗದದಲ್ಲಿ ಬರೆದಿರುವುದು ರುಮ್ಯಾಟಿಕ್ ಹೃದಯ ಕಾಯಿಲೆ, ಮೈಟ್ರಲ್ ಕವಾಟ ಕಿರಿದಾಗಿದೆ ಎಂದು. ನಮ್ಮ ಮಂದಿ ಇದಕ್ಕೆ ‘ಎದ್ಯಾಗಿನ ವಾಲ್ ಸಣ್ಣಾಗ್ಯಾದ’ ಅನ್ನುತ್ತಾರೆ. ನನಗೂ ಇದೇ ಕಾಯಿಲೆ. ಗೊತ್ತಾದಾಗ ನನಗೂ ನಿನ್ನದೇ ವಯಸ್ಸು. ಮೆಟ್ಟಿಲು ಹತ್ತಿದರೆ ಏದುಸಿರು, ಅಡ್ಡಾದರೆ ದಮ್ಮು, ತಲೆದಿಂಬು ಒಂದಿದ್ದದ್ದು ಎರಡಾಯಿತು. ಮನೆಯಲ್ಲಿ ಮೊದಲು ದೃಷ್ಟಿ ತೆಗೆದರು, ಆಮೇಲೆ ದವಾಖಾನೆಗೆ ಕರೆದುಕೊಂಡು ಹೋದರು. ಆಗ ಇಲ್ಲಿ ಎಕೋ ಮಷೀನು ಎಲ್ಲಿತ್ತು? ಹೈದರಾಬಾದಿಗೆ ಹೋಗಬೇಕಾಯಿತು. ಅವತ್ತು ಅಲ್ಲಿ ನನ್ನ ಮುಖ ಹೇಗಿತ್ತೋ ಇವತ್ತು ನಿನ್ನ ಮುಖ ಹಾಗೇ ಇದೆ. ಅದಕ್ಕೇ ಇಷ್ಟು ಸಲಿಗೆಯಿಂದ ಮಾತಾಡುತ್ತಿದ್ದೇನೆ.

ಈ ಕಾಯಿಲೆ ಎಲ್ಲಿಂದ ಬಂತು ಗೊತ್ತೇನು? ಗಂಟಲಿನಿಂದ. ಐದರಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಕ್ರಿಮಿಯಿಂದ ಗಂಟಲು ಕೆಂಪಾಗಿ ಜ್ವರ ಬರುತ್ತದೆ. ಸರಿಯಾದ ಔಷಧ ಬೀಳದಿದ್ದರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ಮೇಲೆ ಮತ್ತೆ ಜ್ವರ ಬರುತ್ತದೆ. ಇವತ್ತು ಮೊಣಕಾಲು ಬಾತರೆ ನಾಳೆ ಮೊಣಕೈ ನೋಯುತ್ತದೆ. ಕ್ರಿಮಿಯನ್ನು ಹೊಡೆಯಲು ಎದ್ದ ದೇಹದ ಶಕ್ತಿ ದಾರಿ ತಪ್ಪಿ ತನ್ನದೇ ಕೀಲನ್ನೂ ಹೃದಯವನ್ನೂ ಹೊಡೆಯುತ್ತದೆ. ಈ ಜ್ವರ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂದು ವೈದ್ಯರಲ್ಲಿ ಒಂದು ಹಳೆಯ ಮಾತಿದೆ. ಕೀಲುನೋವು ತಾನಾಗಿ ಹೋಗುತ್ತದೆ, ‘ಬೆಳೆಯೋ ಹುಡುಗ, ಕಾಲು ನೋಯ್ತಾವ’ ಎಂದು ಮನೆಯವರು ಮರೆಯುತ್ತಾರೆ. ಕವಾಟದ ಗಾಯ ಮಾತ್ರ ಒಳಗೇ ಮಾಗಿ ಗಡುಸಾಗುತ್ತದೆ. ಎರಡು ಪಾಳಿಯ ಕದ ಅಂಚಿನಲ್ಲಿ ಅಂಟಿಕೊಂಡು ಪೂರ್ತಿ ತೆರೆಯದಂತಾಗುತ್ತದಲ್ಲ, ಹಾಗೆ. ಆರೋಗ್ಯವಂತನ ಮೈಟ್ರಲ್ ಕವಾಟ ನಾಲ್ಕರಿಂದ ಆರು ಚದರ ಸೆಂಟಿಮೀಟರ್ ತೆರೆಯಬೇಕು. ಒಂದೂವರೆಗೆ ಇಳಿಯಿತೆಂದರೆ ವೈದ್ಯರು ಅದನ್ನು ತೀವ್ರ ಎನ್ನುತ್ತಾರೆ. ನಿನ್ನ ರಿಪೋರ್ಟಿನಲ್ಲಿರುವ ಅಂಕಿ ಈ ಅಳತೆಯದೇ.

ಇದರಲ್ಲಿ ನಿನ್ನ ತಪ್ಪು ಒಂದು ಎಳೆಯಷ್ಟೂ ಇಲ್ಲ. ನಿನ್ನ ತಾಯಿಯದೂ ಇಲ್ಲ. ಯಾರ ಕಣ್ಣೂ ತಾಕಿಲ್ಲ, ಯಾವ ಪೂರ್ವಜನ್ಮದ ಲೆಕ್ಕವೂ ಇಲ್ಲಿಲ್ಲ. ಇಕ್ಕಟ್ಟಾದ ಮನೆ, ಒಂದೇ ಕೋಣೆಯಲ್ಲಿ ಐದಾರು ಮಂದಿ, ಹತ್ತಿರದಲ್ಲಿ ಡಾಕ್ಟರಿಲ್ಲದ ಊರು: ಈ ಕಾಯಿಲೆ ಅಂಥಲ್ಲೇ ಬೆಳೆಯುತ್ತದೆ. ಜಗತ್ತಿನಲ್ಲಿ ಸುಮಾರು ಐದೂವರೆ ಕೋಟಿ ಜನರಿಗೆ ಇದಿದೆ, ವರ್ಷಕ್ಕೆ ಮೂರು ಲಕ್ಷ ಅರವತ್ತು ಸಾವಿರದಷ್ಟು ಮಂದಿ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶ್ರೀಮಂತ ದೇಶಗಳಲ್ಲಿ ಇದು ಬಹುಮಟ್ಟಿಗೆ ಹೋಗಿಯೇ ಬಿಟ್ಟಿದೆ. ನಮ್ಮಲ್ಲಿ ಇನ್ನೂ ಉಳಿದಿರುವುದಕ್ಕೆ ನನಗೆ ಸಿಟ್ಟಿದೆ. ಆದರೆ ಆ ಸಿಟ್ಟು ನಿನ್ನ ಮೇಲಲ್ಲ.

ಇನ್ನು ನಿನ್ನ ಮೊಬೈಲಿಗೆ ಬರುವ ಸಾವಿನ ಸುದ್ದಿಗಳ ಮಾತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ತೀರಿಕೊಂಡಾಗ ಅವರಿಗೆ ನಲವತ್ತಾರು ವರ್ಷ. ಅಂಥ ಗಟ್ಟಿ ಮನುಷ್ಯನೇ ಹೋದನಲ್ಲ ಎಂದು ಇಡೀ ನಾಡಿನ ಹುಡುಗರು ಎದೆ ಹಿಡಿದುಕೊಂಡು ದವಾಖಾನೆಗೆ ಓಡಿದರು. 2025ರಲ್ಲಿ ಹಾಸನದ ಸುದ್ದಿ ಬಂತು. ದಿನಕ್ಕೊಬ್ಬರು ಎದೆನೋವಿನಿಂದ ಸತ್ತರೆಂದು ಟಿವಿಯಲ್ಲಿ ಬಂದದ್ದೇ ತಡ, ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಸಾಲು ನಿಂತಿತು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ತನಿಖೆ ಮಾಡಿ, ಹಿಂದಿಗಿಂತ ಅಸಹಜವಾದ ಏರಿಕೆಯೇನೂ ಕಂಡಿಲ್ಲ, ಗಾಬರಿ ಬೇಡ ಎಂದಿತು. ಸಾವಿನ ಸುದ್ದಿಯಷ್ಟು ದೂರ ಆ ಮಾತು ಹೋಗಲಿಲ್ಲ.

ಆ ಭಯವನ್ನೂ ನಿನ್ನ ಕಾಯಿಲೆಯನ್ನೂ ಒಂದೇ ಚೀಲಕ್ಕೆ ತುಂಬಬೇಡ. ಹಾರ್ಟ್ ಅಟ್ಯಾಕ್ ಎಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ನಿನ್ನದು ಕವಾಟದ ತೊಂದರೆ. ಇದರ ದಾರಿಯೇ ಬೇರೆ, ಮದ್ದೂ ಬೇರೆ. ಚೌಕಿನಲ್ಲಿ ಚಹಾ ಕುಡಿಯುತ್ತ ‘ಬ್ಲಾಕೇಜ್ ಇರ್ತದ, ಸ್ಟೆಂಟ್ ಹಾಕಿಸ್ಕೊ’ ಅನ್ನುವ ಗೆಳೆಯನಿಗೆ ನಿನ್ನ ಮೇಲೆ ಪ್ರೀತಿಯಿದೆ, ತಿಳಿವಳಿಕೆಯಿಲ್ಲ.

ಈಗ ನಿನ್ನ ಸ್ವಭಾವದ ಬಗ್ಗೆ ಮಾತಾಡೋಣ. ನಿನ್ನ ವಯಸ್ಸಿನವರಿಗೆ ದೊಡ್ಡ ಕೆಲಸ ಮಾಡಲು ಧೈರ್ಯ ಬೇಕಾದಷ್ಟಿದೆ. ಆಪರೇಷನ್ ಎಂದರೆ ‘ನಾಳೆಯೇ ಮಾಡಿ’ ಎಂದು ಎದೆಯೊಡ್ಡುತ್ತೀರಿ. ಮೂರು ವಾರಕ್ಕೊಮ್ಮೆ ಒಂದು ಸೂಜಿ ಮಾಡಿಸಿಕೋ ಎಂದರೆ ನಾಲ್ಕನೇ ಸಲಕ್ಕೆ ಬೇಸರ ಬರುತ್ತದೆ. ಈ ಕಾಯಿಲೆ ಗೆಲ್ಲುವುದು ಅಲ್ಲೇ.

ಆ ಸೂಜಿಯ ಹೆಸರು ಬೆಂಜಥೀನ್ ಪೆನಿಸಿಲಿನ್. ದೊಡ್ಡವರಿಗೆ ಹನ್ನೆರಡು ಲಕ್ಷ ಯೂನಿಟ್, ಸಾಮಾನ್ಯವಾಗಿ 21 ದಿನಕ್ಕೊಮ್ಮೆ. ಕಿರಿದಾದ ಕವಾಟವನ್ನು ಅದು ಅಗಲ ಮಾಡುವುದಿಲ್ಲ. ಗಂಟಲಿಗೆ ಆ ಕ್ರಿಮಿ ಮತ್ತೆ ಬರದಂತೆ, ಆ ಜ್ವರ ಮತ್ತೆ ಏಳದಂತೆ ಕಾಯುತ್ತದೆ. ಜ್ವರ ಮತ್ತೆ ಬಂದಷ್ಟೂ ಸಲ ಕವಾಟ ಇನ್ನಷ್ಟು ಕೆಡುತ್ತದೆ. ಕವಾಟ ಕೆಟ್ಟವರು ಕನಿಷ್ಠ ಹತ್ತು ವರ್ಷ ಅಥವಾ ನಲವತ್ತು ವಯಸ್ಸಾಗುವವರೆಗೆ, ಯಾವುದು ಹೆಚ್ಚೋ ಅಷ್ಟು ಕಾಲ ತೆಗೆದುಕೊಳ್ಳಬೇಕು. ಕೆಲವರಿಗೆ ಜೀವನಪೂರ್ತಿ. ಕೇಳಿ ಎದೆ ಝಲ್ಲೆಂದಿತೇ? ವರ್ಷಕ್ಕೆ ಹದಿನೇಳೋ ಹದಿನೆಂಟೋ ಸಲ ಅಷ್ಟೆ. ನೀನು ಅದಕ್ಕಿಂತ ಹೆಚ್ಚು ಸಲ ತಲೆಗೂದಲಿನ ಸ್ಟೈಲ್ ಬದಲಿಸುತ್ತೀಯ.

ಆಟೋನಗರದಲ್ಲಿ ನನಗೆ ಬೇಕಾದ ಒಬ್ಬ ಹುಡುಗನಿದ್ದ. ಕೈ ತುಂಬ ಚುರುಕು. ತಗಡು ಬಡಿಯುವ ಕೆಲಸದಲ್ಲಿ ಅವನ ಸರಿಸಮ ಇರಲಿಲ್ಲ. ಎರಡು ವರ್ಷ ಸೂಜಿ ತಪ್ಪಿಸಲಿಲ್ಲ. ದಮ್ಮು ಇಲ್ಲ, ನೋವಿಲ್ಲ, ಹಬ್ಬದಲ್ಲಿ ಕುಣಿದ. ‘ಕಾಕಾ, ನನಗ ಏನೂ ಆಗಿಲ್ಲ, ಸುಮ್ಮನ ಯಾಕ ಚುಚ್ಚಿಸ್ಕೋಬೇಕು’ ಎಂದು ಬಿಟ್ಟುಬಿಟ್ಟ. ಮುಂದಿನ ಮಳೆಗಾಲಕ್ಕೆ ಜ್ವರ, ಕೀಲುನೋವು. ಅದು ಇಳಿಯುವಷ್ಟರಲ್ಲಿ ಕವಾಟ, ಎದೆ ಕೊಯ್ಯದೆ ಬಲೂನಿನಿಂದ ಬಿಡಿಸುವ ಚಿಕಿತ್ಸೆಗೂ ಒಗ್ಗದಷ್ಟು ಕೆಟ್ಟಿತ್ತು. ಎದೆ ತೆರೆದು ಬೇರೆ ಕವಾಟ ಹಾಕಬೇಕಾಯಿತು. ಬದುಕಿದ್ದಾನೆ, ಚೆನ್ನಾಗಿದ್ದಾನೆ. ಆದರೆ ತಪ್ಪಿಸಬಹುದಾಗಿದ್ದ ಗಾಯ ಅದು. ಏನೂ ಆಗಿಲ್ಲ ಎಂದು ಅನ್ನಿಸುವುದೇ ಸೂಜಿ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಇದನ್ನು ಚೆನ್ನಾಗಿ ತಲೆಗೆ ಹಾಕಿಕೋ.

ಸೂಜಿ ನೋಯುತ್ತದೆ. ನೋಯುವುದಿಲ್ಲ ಎಂದು ಸುಳ್ಳು ಹೇಳಲಾರೆ. ಕುಂಡೆಯ ದಪ್ಪ ಮಾಂಸಕ್ಕೆ ನಿಧಾನವಾಗಿ ಕೊಡಬೇಕು, ಒಂದು ದಿನ ಕಾಲು ಎಳೆಯುತ್ತ ನಡೆಯುತ್ತೀಯ. ಖಾಲಿ ಹೊಟ್ಟೆಯಲ್ಲಿ ಹೋಗಬೇಡ. ರೊಟ್ಟಿ ತಿಂದು, ನೀರು ಕುಡಿದು ಹೋಗು, ಹೆದರಿಕೆಗೇ ತಲೆ ತಿರುಗಿ ಬೀಳುವವರಿದ್ದಾರೆ. ಪೆನಿಸಿಲಿನ್ ಆಗಿಬರದವರು ಅಪರೂಪಕ್ಕೆ ಇರುತ್ತಾರೆ. ಆದ್ದರಿಂದ ಸಂದಿಯ ಸಣ್ಣ ಅಂಗಡಿಯಲ್ಲಿ ಮಾಡಿಸದೆ ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿಸು, ಆದಮೇಲೆ ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂಡು. ಕವಾಟ ತೀರಾ ಕಿರಿದಾಗಿ ದಮ್ಮು ಜೋರಿರುವವರಿಗೆ ಸೂಜಿಯ ಬದಲು ದಿನಾ ಗುಳಿಗೆಯೇ ಲೇಸೆಂದು ಈಗ ವೈದ್ಯರು ಹೇಳುವುದುಂಟು. ನಿನಗೆ ಯಾವುದು ಎಂಬುದನ್ನು ನಿನ್ನ ಹೃದಯ ತಜ್ಞರ ಬಾಯಿಂದಲೇ ಕೇಳು, ನೀನೇ ತೀರ್ಮಾನ ಮಾಡಬೇಡ.

ದವಾಖಾನೆ ದೂರ ಎಂಬ ನೆವ ಈಗ ನಡೆಯುವುದಿಲ್ಲ. ನಮ್ಮ ಕಾಲಕ್ಕೆ ಹೃದಯ ಎಂದರೆ ಹೈದರಾಬಾದ್, ಸೊಲ್ಲಾಪುರ, ಇಲ್ಲವೇ ಬೆಂಗಳೂರು. ಕಲಬುರಗಿಯಲ್ಲಿ ಮೊದಲು ಜಿಮ್ಸ್ ವೈದ್ಯಕೀಯ ಕಾಲೇಜಿನ ಆವರಣದಲ್ಲಿ ಸಣ್ಣದಾಗಿ ನಡೆಯುತ್ತಿದ್ದ ಜಯದೇವಕ್ಕೆ ಈಗ ತನ್ನದೇ ದೊಡ್ಡ ಆಸ್ಪತ್ರೆಯಾಗಿದೆ. 2024ರ ಡಿಸೆಂಬರ್ 22ರಂದು ಉದ್ಘಾಟನೆಯಾಯಿತು. ಹಾಸಿಗೆಗಳು 371. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಕಲಮಿನ ನೆನಪಿಗೆ ಆ ಸಂಖ್ಯೆ. ಬಸವಕಲ್ಯಾಣದವನಾದರೆ ಸಸ್ತಾಪುರ ಬಂಗ್ಲಾಕ್ಕೆ ಬಂದು ಹೆದ್ದಾರಿ ಹಿಡಿ. ಹುಮನಾಬಾದಿನಿಂದ ಕಲಬುರಗಿಗೆ ಬಸ್ಸೂ ಇದೆ, 2017ರಿಂದ ಬೀದರ್–ಕಲಬುರಗಿ ರೈಲುಮಾರ್ಗವೂ ಇದೆ. ರೇಷನ್ ಕಾರ್ಡ್, ಆಧಾರ್, ತಾಲ್ಲೂಕು ಆಸ್ಪತ್ರೆಯ ರೆಫರಲ್ ಚೀಟಿ, ಹಳೆಯ ರಿಪೋರ್ಟುಗಳು, ಇಷ್ಟನ್ನೂ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಒಯ್ಯಿ. ಬಿಪಿಎಲ್ ಕಾರ್ಡಿದ್ದ ಮನೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಮೊದಲು ಈ ಬಾಗಿಲು ತಟ್ಟು. ಹೊಲ ಮಾರುವ ಮಾತು ಮನೆಯಲ್ಲಿ ಎದ್ದರೆ ನಿನ್ನಪ್ಪನಿಗೆ ಇದನ್ನು ಬಿಡಿಸಿ ಹೇಳು. ಎಷ್ಟೋ ತಂದೆಯರು ಕೇಳದೇ ಸಾಲ ಮಾಡಿ ಕೂತಿರುತ್ತಾರೆ.

ಡಾಕ್ಟರ ಮುಂದೆ ಬಾಯಿ ಬಿಡು. ನಮ್ಮ ಹುಡುಗರು ಹೊರಗೆ ಹುಲಿ, ಒಳಗೆ ಹೋದರೆ ‘ಹೂಂ ಸರ್, ಹೂಂ ಸರ್’. ಕೆಲಸ ಮಾಡಬಹುದೇ ಎಂದಷ್ಟೇ ಕೇಳಿದರೆ ಅವರೂ ‘ಸ್ವಲ್ಪ ನೋಡ್ಕೊಂಡು ಮಾಡು’ ಅನ್ನುತ್ತಾರೆ. ಬಿಡಿಸಿ ಕೇಳು: ಕ್ವಿಂಟಲ್ ಚೀಲ ಎತ್ತಬಹುದೇ, ಬಿಸಿಲಲ್ಲಿ ವೆಲ್ಡಿಂಗ್ ಮಾಡಬಹುದೇ, ಮೂರು ಮಹಡಿ ಹತ್ತಬಹುದೇ, ರೋಜಾ ಇಡಬಹುದೇ, ಶ್ರಾವಣದ ಉಪವಾಸ ಮಾಡಬಹುದೇ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗು. ನಿನ್ನ ತಾಯಿಯನ್ನು ಹೊರಗೆ ಕೂಡಿಸಬೇಡ, ಒಳಗೆ ಕರೆದೊಯ್ಯಿ. ಆಕೆ ಓದಿಲ್ಲದಿರಬಹುದು, ನೀನು ಮರೆತದ್ದನ್ನು ನೆನಪಿಡುವವಳು ಆಕೆಯೇ.

ಬಲೂನ್ ಚಿಕಿತ್ಸೆ ಎಂದರೆ ಹೆದರಬೇಡ. ಜಪಾನಿನ ಕಾಂಜಿ ಇನೋವೆ ಎಂಬ ಶಸ್ತ್ರವೈದ್ಯರು 1982ರಲ್ಲಿ ಮೊದಲು ಮಾಡಿದ ಉಪಾಯ. ತೊಡೆಯ ಸಂದಿನ ರಕ್ತನಾಳದಿಂದ ತೆಳ್ಳನೆಯ ನಳಿಗೆ ಹಾಯಿಸಿ, ಹೃದಯದೊಳಗೆ ಕವಾಟದ ನಡುವೆ ಪುಟ್ಟ ಬಲೂನು ಉಬ್ಬಿಸಿ, ಅಂಟಿದ ಅಂಚನ್ನು ಬಿಡಿಸುತ್ತಾರೆ. ಎದೆ ಕೊಯ್ಯುವುದಿಲ್ಲ. ನನಗೂ ಅದೇ ಮಾಡಿದರು. ಮರುದಿನ ವಾರ್ಡಿನಲ್ಲಿ ಒಂದೇ ದಿಂಬಿನ ಮೇಲೆ ಮಲಗಿದೆ, ದಮ್ಮು ಬರಲಿಲ್ಲ. ಎಲ್ಲರ ಕವಾಟವೂ ಇದಕ್ಕೆ ಒಗ್ಗುವುದಿಲ್ಲ. ಸುಣ್ಣಗಟ್ಟಿದ್ದರೆ, ಸೋರಿಕೆ ಜಾಸ್ತಿಯಿದ್ದರೆ ಬೇರೆ ಕವಾಟ ಹಾಕಬೇಕಾಗುತ್ತದೆ. ಬಲೂನು ಮಾಡಿಸಿದವರಿಗೂ ಎಷ್ಟೋ ವರ್ಷಗಳ ಮೇಲೆ ಕವಾಟ ಮತ್ತೆ ಕಿರಿದಾಗಬಹುದು.

ನನಗೂ ಹಾಗೇ ಆಯಿತು, ಐವತ್ತರ ಹತ್ತಿರ ಬಂದಾಗ ಕವಾಟ ಬದಲಿಸಿದರು. ಒಳಗಿರುವುದು ನಮ್ಮ ದೇಶದ್ದೇ ಚಿತ್ರಾ ಕವಾಟ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ವರ್ಷಗಟ್ಟಲೆ ದುಡಿದು ಮಾಡಿ 1990ರಲ್ಲಿ ಮೊದಲ ರೋಗಿಗೆ ಕೂರಿಸಿದರು. ಮೊಮ್ಮಗಳು ಎದೆಗೆ ಕಿವಿಯಿಟ್ಟು ಅದರ ಟಿಕ್ ಟಿಕ್ ಎಣಿಸುತ್ತಾಳೆ. ಇಂಥ ಕವಾಟ ಹಾಕಿಸಿಕೊಂಡವರು, ಹೃದಯದ ಬಡಿತ ತಾಳ ತಪ್ಪಿದವರು ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ತೆಗೆದುಕೊಳ್ಳಬೇಕು, ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಸೊಪ್ಪು ಈ ಗುಳಿಗೆಯ ಬಲ ತಗ್ಗಿಸುತ್ತದೆ. ಹಾಗೆಂದು ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಎಲ್ಲರೂ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ತಿನ್ನುವಾಗ ನೀನು ಮುಖ ಸಪ್ಪೆ ಮಾಡಿಕೊಂಡು ಕೂಡಬೇಕಿಲ್ಲ. ಪುಂಡಿ ಪಲ್ಯವೋ ಮೆಂತ್ಯವೋ, ವಾರವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನು. ಒಂದು ವಾರ ಬುಟ್ಟಿ ತುಂಬ, ಇನ್ನೊಂದು ವಾರ ಎಲೆಯೂ ಇಲ್ಲ ಎಂದರೆ ಪರೀಕ್ಷೆಯ ಅಂಕಿ ಮೇಲೆ ಕೆಳಗೆ ಆಗುತ್ತದೆ. ಮೈಕೈ ನೋವೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವ ಚಟ ಮಾತ್ರ ಬಿಡಲೇಬೇಕು. ಈ ಎರಡು ಗುಳಿಗೆಗಳ ಜೋಡಿಯಿಂದ ಹೊಟ್ಟೆಯೊಳಗೆ ರಕ್ತ ಸೋರಬಹುದು. ಹಲ್ಲು ಕೀಳಿಸುವಾಗಲೂ ಮೊದಲು ಕವಾಟದ ವಿಷಯ ಹೇಳು. ಗುಟ್ಕಾ, ಸಿಗರೇಟಿನ ಬಗ್ಗೆ ನಾನು ಭಾಷಣ ಮಾಡುವುದಿಲ್ಲ. ಬಿಡು, ಅಷ್ಟೆ.

ಈಗ ಮನೆಯವರೆಲ್ಲ ಪಿಸುಗುಡುವ ಮಾತಿಗೆ ಬರುತ್ತೇನೆ. ಲಗ್ನ. ‘ಯಾರಿಗೂ ಹೇಳಬ್ಯಾಡ್ರಿ, ಹುಡುಗಿಗೆ ಮನಿ ಸಿಗಂಗಿಲ್ಲ’ ಎಂದು ರಿಪೋರ್ಟನ್ನು ಕಪಾಟಿನ ತಳಕ್ಕೆ ತಳ್ಳುವ ಮನೆಗಳನ್ನು ಬಲ್ಲೆ. ನೀನು ಹುಡುಗಿಯಾಗಿದ್ದರೆ ಕಿವಿಗೊಟ್ಟು ಕೇಳು, ಮಗಳೆ. ಬಸುರಿಯಾದಾಗ ಮೈಯ ರಕ್ತದ ಪ್ರಮಾಣ ನೂರಕ್ಕೆ ನಲವತ್ತರಿಂದ ಐವತ್ತರಷ್ಟು ಹೆಚ್ಚಾಗುತ್ತದೆ. ಅಷ್ಟೂ ರಕ್ತ ಆ ಕಿರಿದಾದ ಕವಾಟದಲ್ಲೇ ಹಾಯಬೇಕು. ಏಳನೇ ತಿಂಗಳ ಹೊತ್ತಿಗೂ ಹೆರಿಗೆಯಾದ ಕೂಡಲೂ ಅಪಾಯ ಹೆಚ್ಚು. ಮುಚ್ಚಿಟ್ಟ ಕಾಯಿಲೆ ಬಯಲಾಗುವುದು ಬಹಳ ಸಲ ಹೆರಿಗೆ ಕೋಣೆಯಲ್ಲೇ. ಮೊದಲೇ ಗೊತ್ತಿದ್ದರೆ ಬಸುರಿಗೆ ಮುಂಚೆ ಬಲೂನು ಮಾಡಿಸಬಹುದು, ರಕ್ತದ ಗುಳಿಗೆ ಬದಲಿಸಬಹುದು. ಅವುಗಳಲ್ಲಿ ಕೆಲವು ಮೊದಲ ತಿಂಗಳುಗಳಲ್ಲಿ ಕೂಸಿಗೆ ಕೆಡಕು ಮಾಡುತ್ತವೆ. ಹೀಗೆ ತಯಾರಿ ಮಾಡಿಕೊಂಡು ಎಷ್ಟೋ ಹೆಣ್ಣುಮಕ್ಕಳು ಮಕ್ಕಳನ್ನು ಹೆತ್ತು ಸಾಕುತ್ತಿದ್ದಾರೆ. ನೋಡಲು ಬಂದವರಿಗೆ ನಿಚ್ಚಳವಾಗಿ ಹೇಳು. ಕೇಳಿ ಎದ್ದು ಹೋದವರ ಮನೆ ನಿನಗೆ ತಕ್ಕದ್ದಲ್ಲ ಎಂದು ಆ ಗಳಿಗೆಯಲ್ಲೇ ಗೊತ್ತಾಗುತ್ತದೆ. ಹುಡುಗನಾಗಿದ್ದರೂ ಇದೇ ಮಾತು. ಮುಚ್ಚಿಟ್ಟು ಕಟ್ಟಿದ ತಾಳಿ ನ್ಯಾಯವಲ್ಲ.

ರಾತ್ರಿಯ ಹೆದರಿಕೆ ನನಗೆ ಗೊತ್ತು. ದೀಪ ಆರಿಸಿದ ಕೂಡಲೇ ಎದೆಬಡಿತವೇ ಕಿವಿಗೆ ಬಡಿಯುತ್ತದೆ. ಕೈ ನಾಡಿಯ ಮೇಲೆ ಹೋಗುತ್ತದೆ, ಎಣಿಸಿದಷ್ಟೂ ಅದು ಓಡುತ್ತದೆ. ಎದ್ದು ಕೂಡು, ಅವ್ವನನ್ನೋ ಗೆಳೆಯನನ್ನೋ ಎಬ್ಬಿಸು, ‘ಹೆದರಿಕೆ ಆಗ್ತಿದೆ’ ಎಂದು ಬಾಯಿಬಿಟ್ಟು ಹೇಳು. ಯಾರಿಗೂ ಹೇಳಲಾಗದಿದ್ದರೆ 14416ಕ್ಕೆ ಫೋನು ಮಾಡು. ಅದು ಟೆಲಿ ಮಾನಸ್, ಸರ್ಕಾರದ್ದು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಹೆದರಿಕೆ ಒಂದು, ಅಪಾಯ ಇನ್ನೊಂದು. ಮಲಗಲಾರದಷ್ಟು ದಮ್ಮು, ಕಫದಲ್ಲಿ ರಕ್ತ, ಪ್ರಜ್ಞೆ ತಪ್ಪುವುದು, ಬಡಿತ ಒಮ್ಮೆಲೇ ಹದ ತಪ್ಪಿ ಓಡುವುದು, ಬಾಯಿ ವಾರೆಯಾಗಿ ಮಾತು ತೊದಲುವುದು, ಒಂದು ಕೈಯೋ ಕಾಲೋ ಬಲಗುಂದುವುದು: ಇವುಗಳಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡ, 108ಕ್ಕೆ ಕರೆ ಮಾಡು.

ಇನ್ನೊಂದು ಮಾತು. ಮನೆಯವರು ನಿನ್ನನ್ನು ಮೂಲೆಯಲ್ಲಿ ಕೂಡಿಸುತ್ತಾರೆ. ನೀರಿನ ಕೊಡ ಎತ್ತಲು ಬಿಡುವುದಿಲ್ಲ, ವೀರಭದ್ರೇಶ್ವರ ಜಾತ್ರೆಗೆ ಕಳಿಸುವುದಿಲ್ಲ, ಬಂದವರಿಗೆಲ್ಲ ‘ಹಾರ್ಟ್ ಪೇಷಂಟ್’ ಎಂದು ಪರಿಚಯ ಮಾಡಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಸಿಟ್ಟಾಗಬೇಡ, ಒಪ್ಪಿಕೊಳ್ಳಲೂಬೇಡ. ಬಸವಕಲ್ಯಾಣದ ನೆಲದಲ್ಲಿ ಮನುಷ್ಯರು ಕಾಯಕದಿಂದ ಗುರುತಾದರು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಹಗ್ಗ ಹೊಸೆದ ಚಂದಯ್ಯನ ಗವಿ ಈಗಲೂ ಅಲ್ಲಿದೆ, ಒಮ್ಮೆ ಹೋಗಿ ನೋಡಿ ಬಾ. ವೈದ್ಯರು ಒಪ್ಪಿದ ಕೆಲಸವನ್ನು ಬಿಡಬೇಡ. ಭಾರದ ಕೆಲಸ ಬೇಡವೆಂದರೆ ಅದೇ ಆಟೋನಗರದಲ್ಲಿ ಬಣ್ಣ, ವೈರಿಂಗ್, ಲೆಕ್ಕ ಬರೆಯುವ ಕೆಲಸವಿದೆ. ಕಾಲೇಜು ಬಿಟ್ಟಿದ್ದರೆ ನಾಳೆಯೇ ಹೋಗು. ಈ ಕಾಯಿಲೆ ಎದೆಯಲ್ಲಿಟ್ಟುಕೊಂಡೇ ನಾನು ಸಾವಿರಾರು ಮಕ್ಕಳಿಗೆ ಮಗ್ಗಿ ಕಲಿಸಿದೆ, ಲಗ್ನವಾದೆ, ಮನೆ ಕಟ್ಟಿದೆ.

ಇನ್ನು ಎದ್ದೇಳು. ಕ್ಯಾಲೆಂಡರಿನಲ್ಲಿ ಮುಂದಿನ ಸೂಜಿಯ ತಾರೀಖಿಗೆ ಕೆಂಪು ಗೆರೆ ಎಳೆ, ಮೊಬೈಲಿನಲ್ಲೂ ಅಲಾರಂ ಇಡು. ಅಷ್ಟು ವಿಡಿಯೋ ನೋಡಿದ ಮೊಬೈಲು ಇಷ್ಟಾದರೂ ಉಪಕಾರ ಮಾಡಲಿ. ಮನೆಯಲ್ಲಿ ತಮ್ಮ ತಂಗಿಯರಿದ್ದಾರಲ್ಲ, ಪಕ್ಕದ ಮನೆಯ ಮಕ್ಕಳೂ ಇದ್ದಾರೆ. ಅವರಲ್ಲಿ ಯಾರಿಗಾದರೂ ಗಂಟಲು ನೋವು, ಜ್ವರ ಬಂದರೆ ಅರಿಶಿನದ ಹಾಲು ಕೊಟ್ಟು ಸುಮ್ಮನಾಗಲು ಬಿಡಬೇಡ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗು, ಡಾಕ್ಟರಿಗೆ ಗಂಟಲು ತೋರಿಸು, ಔಷಧ ಬರೆದುಕೊಟ್ಟರೆ ಹೇಳಿದಷ್ಟು ದಿನ, ಸಾಮಾನ್ಯವಾಗಿ ಹತ್ತು ದಿನ, ಪೂರ್ತಿ ನುಂಗಿಸು. ಆ ಹತ್ತು ದಿನದ ಗುಳಿಗೆ ನನಗೂ ನಿನಗೂ ಸಿಗಲಿಲ್ಲ. ಅವರಿಗೆ ಸಿಗಲಿ.